ಒಪ್ಪಿಕೊಂಡ ಕೊಲೆ, ಒಪ್ಪದ ಎಲುಬು

“ಇನ್ನೊಂದ್ಸಲ ಹೇಳಿ,” ಎಂದಳು ಇನ್ಸ್‌ಪೆಕ್ಟರ್. “ನಿಧಾನವಾಗಿ. ನಾನು ಪೊಲೀಸು, ವಿಜ್ಞಾನಿ ಅಲ್ಲ.”

ಪ್ರಯೋಗಾಲಯದ ವಿಜ್ಞಾನಿ ಕನ್ನಡಕ ತೆಗೆದು ಬಿಳಿ ಕೋಟಿನ ಅಂಚಿನಲ್ಲಿ ಒರೆಸಿಕೊಂಡ. ಪಾಪ, ನೆಗಡಿಯಿಂದ ಅವನ ಮೂಗು ಕೆಂಪಗಾಗಿತ್ತು.

“ನೀವು ಕಳಿಸಿದ ಎಲುಬಿನ ಮನುಷ್ಯ ಸತ್ತು ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಆಯ್ತು ಮೇಡಂ. ಐವತ್ತು ವರ್ಷ ಆಚೆ ಈಚೆ ಆಗಬಹುದು. ಅದಕ್ಕಿಂತ ಹೆಚ್ಚು ಚೌಕಾಸಿಗೆ ಜಾಗ ಇಲ್ಲ.”

ಅವಳು ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು. ಆ ಮನುಷ್ಯನನ್ನು ಕೊಂದವನು ಈಗ ಅವಳ ಠಾಣೆಯ ಲಾಕಪ್ಪಿನಲ್ಲಿದ್ದ! ಯಾರೂ ಹೊಡೆಯದೆ, ಬೆದರಿಸದೆ, ಮೊನ್ನೆ ತಾನಾಗಿ ಬಂದು, ಇಪ್ಪತ್ತೆರಡು ವರ್ಷದ ಹಿಂದೆ ಕಾಣೆಯಾದ ತಮ್ಮನನ್ನು ನಾನೇ ಕೊಂದು ಹೂತೆ ಎಂದು ಒಪ್ಪಿಕೊಂಡಿದ್ದ ದರ್ಜಿ.

ಆ ತಮ್ಮ ಊರಿನ ಉತ್ಖನನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವನು. ಹೊಸ ಮ್ಯೂಸಿಯಂ ಕಟ್ಟಲೆಂದು ಆ ಕಚೇರಿಯ ಹಳೆಯ ಶೆಡ್ಡು ಕೆಡವಿದಾಗ ನೆಲದಡಿ ಅಸ್ಥಿಪಂಜರ ಸಿಕ್ಕಿತ್ತು. ಪಕ್ಕೆಲುಬಿನ ಮೇಲೆ ಪಟ್ಟಿ ಹರಿದ ಕೈಗಡಿಯಾರ. ತಾಯಿ ಕೊಡಿಸಿದ್ದ ಗಡಿಯಾರ ಅದು, ಬೆನ್ನಿಗೆ ಮಗನ ಹೆಸರು ಕೊರೆಸಿದ್ದಳು. ಇನ್ನೇನು ಬೇಕು? ನಕ್ಷೆಗಾರ ಸಿಕ್ಕಿದ ಎಂದು ಊರೆಲ್ಲ ನಿಟ್ಟುಸಿರು ಬಿಟ್ಟಾಗಿತ್ತು.

“ಆದ್ರೆ...” ಎಂದಳು ಇನ್ಸ್‌ಪೆಕ್ಟರ್.

ಠಾಣೆಯಲ್ಲಿ ಬೆನ್ನ ಹಿಂದೆ ಅವಳಿಗೆ ‘ಆದ್ರೆ ಮೇಡಂ’ ಎಂದೇ ಹೆಸರು. ಸೂರ್ಯ ಹುಟ್ಟಿದ ಎಂದರೂ ‘ಆದ್ರೆ’ ಎನ್ನುವವಳು ಎಂದು ಪೇದೆಗಳು ನಗುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಇದ್ದರೆ ಇರಲಿ ಎಂದು ಬಿಟ್ಟಿದ್ದಳು.

“ಆದ್ರೆ, ಎರಡು ಸಾವಿರ ಅಂತ ಹೇಗೆ ಹೇಳ್ತೀರಿ? ಎಲುಬಿನ ಮೇಲೆ ತಾರೀಕು ಬರೆದಿರುತ್ತಾ?”

“ಒಂಥರಾ ಬರೆದಿರುತ್ತೆ ಮೇಡಂ.” ವಿಜ್ಞಾನಿಗೆ ಉತ್ಸಾಹ ಬಂತು. “ಗಿಡ ಗಾಳಿಯಿಂದ ಇಂಗಾಲ ಹೀರುತ್ತೆ. ಗಿಡಾನ ನಾವು ತಿಂತೀವಿ. ಆ ಇಂಗಾಲದಲ್ಲಿ ತೀರಾ ತೀರಾ ಕಡಿಮೆ, ಇಂಗಾಲ-ಹದಿನಾಲ್ಕು ಅಂತ ಒಂದು ಇರುತ್ತೆ. ಅದು ಇದ್ದ ಹಾಗೇ ಇರೋ ಜಾತಿ ಅಲ್ಲ, ಕರಗ್ತಾನೇ ಹೋಗುತ್ತೆ. ಬದುಕಿರೋ ತನಕ ಕರಗಿದಷ್ಟೂ ಊಟದಿಂದ ಮತ್ತೆ ತುಂಬಿಕೊಳ್ಳುತ್ತೆ. ಸತ್ತ ಮೇಲೆ ಊಟ ಎಲ್ಲಿಂದ ಬರ್ಬೇಕು? ಬರೀ ಕರಗೋದು.”

“ಎಷ್ಟು ಬೇಗ?”

“ಐದು ಸಾವಿರದ ಏಳುನೂರ ಚಿಲ್ಲರೆ ವರ್ಷಕ್ಕೆ ಅರ್ಧ. ಮತ್ತಷ್ಟೇ ವರ್ಷಕ್ಕೆ, ಉಳಿದದ್ದರಲ್ಲಿ ಅರ್ಧ. ಆಮೇಲೆ ಅದರಲ್ಲೂ ಅರ್ಧ. ಅದಕ್ಕೇ ಅರ್ಧಾಯು ಅಂತೀವಿ.”

“ನಮ್ಮನೆ ಫ್ರಿಜ್ಜಿನ ಕೇಕ್ ಹಾಗೆ ಅನ್ನಿ. ನನ್ನ ಮಕ್ಕಳಿಬ್ಬರೂ ಉಳಿದದ್ರಲ್ಲಿ ಅರ್ಧ, ಉಳಿದದ್ರಲ್ಲಿ ಅರ್ಧ ಅಂತ ತಿಂತಾನೇ ಇರ್ತಾರೆ. ಮುಗಿಸಿದೋರು ಯಾರು ಅಂತ ಕೇಳಿದ್ರೆ ಇಬ್ಬರೂ ಅಲ್ಲ.”

ವಿಜ್ಞಾನಿ ನಗಲು ಹೋಗಿ ಸೀನಿದ. “ಸರಿಯಾಗೇ ಹೇಳಿದ್ರಿ. ತಟ್ಟೇಲಿ ಎಷ್ಟು ಉಳಿದಿದೆ ಅಂತ ಅಳೆದು, ಕತ್ತರಿಸಿ ಎಷ್ಟು ದಿನ ಆಯ್ತು ಅಂತ ಹೇಳೋದು ನಮ್ಮ ಕೆಲಸ. ಈ ಎಲುಬಲ್ಲಿ ನೂರಕ್ಕೆ ಎಪ್ಪತ್ತೆಂಟು ಪಾಲು ಉಳಿದಿದೆ. ಮೊನ್ನೆ ಮೊನ್ನೆ ಸತ್ತವನದ್ದಾಗಿದ್ರೆ ಕರಗೋಕೆ ಶುರುವೇ ಆಗಿರ್ತಿರಲಿಲ್ಲ ಅನ್ನಬಹುದು.”

“ಆದ್ರೆ, ಮಣ್ಣಲ್ಲಿ ಏನೋ ಸೇರಿಕೊಂಡು ಲೆಕ್ಕ ತಪ್ಪಿದ್ರೆ? ನೋಡಿ, ಲಾಕಪ್ಪಲ್ಲಿರೋದೂ ಒಂದು ಜೀವ. ಇಟ್ಕೊಳ್ಳೋದಾದ್ರೂ ಬಿಡೋದಾದ್ರೂ ನನಗೆ ಅನುಮಾನ ಇರಬಾರದು.”

ವಿಜ್ಞಾನಿಯ ನಗು ಮಾಯವಾಯಿತು. ಅವನು ಎದ್ದು ಟ್ರೇ ಒಂದನ್ನು ತಂದು ದೀಪದ ಕೆಳಗಿಟ್ಟ. ತೊಡೆಯ ಎಲುಬಿನ ತುಂಡು. ಅವನು ದೀಪವನ್ನು ಸ್ವಲ್ಪ ಓರೆ ಮಾಡಿದ ಕೂಡಲೇ ಎಲುಬು ಮಿರಮಿರ ಮಿಂಚಿತು, ಯಾರೋ ವಾರ್ನಿಷ್ ಹೊಡೆದ ಹಾಗೆ.

“ಅದಕ್ಕೇ ನಿಮ್ಮನ್ನ ಖುದ್ದಾಗಿ ಬರೋಕೆ ಹೇಳಿದ್ದು. ಇದಕ್ಕೆ ಅಂಟು ಬಳಿದಿದಾರೆ.”

“ಅಂಟಾ?”

“ಅಗೆದು ತೆಗೆದ ಹಳೇ ಎಲುಬು ಗಾಳಿಗೆ ಪುಡಿಯಾಗದ ಹಾಗೆ ಉತ್ಖನನದೋರು ಬಳಿಯೋ ಅಂಟು. ಪೆಟ್ರೋಲಿಯಂನಿಂದ ಮಾಡಿದ್ದು. ಅದನ್ನ ತೊಳೀದೆ ಅಳೆದ್ರೆ ಎಲುಬು ಇರೋದಕ್ಕಿಂತ ಹಳೇದಾಗಿ ಕಾಣುತ್ತೆ. ಹಾಗಾಗಿ ತೊಳೆದು ಅಳೆದೆ. ನನಗೇ ಸಮಾಧಾನ ಆಗಲಿಲ್ಲ. ಅಂಟು ಇಳಿಯದ ಜಾಗದಿಂದ, ಹಲ್ಲಿನ ಒಳಗಿಂದ, ಇನ್ನೊಂದು ಚೂರು ತೆಗೆದು ಅಳೆದೆ. ಎರಡೂ ಒಂದೇ ಮಾತು ಹೇಳಿದ್ವು. ಇನ್ನೊಂದು ವಿಷಯ. ಹಿಂದೆ ದೇಶ ದೇಶಗಳು ಅಣುಬಾಂಬ್ ಪರೀಕ್ಷೆ ಮಾಡಿದ್ವಲ್ಲ, ಆಗ ಗಾಳಿಯಲ್ಲಿ ಈ ಇಂಗಾಲ ಏಕಾಏಕಿ ಏರಿತು. ಆಮೇಲೆ ಹುಟ್ಟಿದ ನಮ್ಮೆಲ್ಲರ ಎಲುಬಲ್ಲೂ ಆ ಗುರುತಿದೆ. ಇದರಲ್ಲಿ ಇಲ್ಲ. ಇವನು ನಿಮ್ಮ ನಕ್ಷೆಗಾರ ಅಲ್ಲವೇ ಅಲ್ಲ.”

ಇನ್ಸ್‌ಪೆಕ್ಟರ್ ಎಲುಬಿನ ಮೇಲಿನ ಮಿಂಚನ್ನೇ ನೋಡುತ್ತಿದ್ದಳು. ಎಲ್ಲೋ ಅಗೆದು ತೆಗೆದದ್ದು. ಅಂಟು ಬಳಿದು ಪೆಟ್ಟಿಗೆಯಲ್ಲಿ ಇಟ್ಟದ್ದು. ಆಮೇಲೆ ಯಾರೋ ಪೆಟ್ಟಿಗೆಯಿಂದ ತೆಗೆದು, ಶೆಡ್ಡಿನ ನೆಲದಲ್ಲಿ ಮನುಷ್ಯನ ಆಕಾರಕ್ಕೆ ಜೋಡಿಸಿ, ಮತ್ತೆ ಹೂತದ್ದು. ಸತ್ತವನನ್ನು ಎರಡು ಸಲ ಮಣ್ಣು ಮಾಡುವಂಥ ಗರಜು ಯಾರಿಗಿತ್ತು?

“ಈ ಅಂಟು ಬರಿಗಣ್ಣಿಗೆ ಗೊತ್ತಾಗುತ್ತಾ?”

“ನಿಮಗೆ ಆಗದೆ ಇರಬಹುದು. ಜೀವಮಾನವೆಲ್ಲ ಇದನ್ನೇ ಬಳಿದೋರು ಮುಟ್ಟಿದ್ರೆ ಸಾಕು.”

ಅವಳ ಕಣ್ಣ ಮುಂದೆ ಎಲುಬು ಸಿಕ್ಕ ದಿನದ ಆ ಹಳ್ಳ ಬಂತು. ಉತ್ಖನನದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ರು, ಈಗ ಹೊಸ ಮ್ಯೂಸಿಯಂ ಸಮಿತಿಯ ಅಧ್ಯಕ್ಷರು, ಸುದ್ದಿ ಕೇಳಿದ್ದೇ ಓಡಿ ಬಂದಿದ್ದರು. ಮಂಡಿಯೂರಿ ತಲೆಬುರುಡೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡು, “ನಮ್ಮ ಹುಡುಗನೇ ಅಮ್ಮಾ. ಅನುಮಾನ ಬೇಡ,” ಎಂದು ಕಣ್ಣೊರೆಸಿಕೊಂಡಿದ್ದರು. ಅವರು ಅಷ್ಟು ಹೇಳಿದ ಮೇಲೆ ಎಲುಬು ಎತ್ತಿದ ಪೊಲೀಸರು ಅಲ್ಲಿಗೇ ಅಗೆಯುವುದನ್ನು ನಿಲ್ಲಿಸಿದ್ದರು. ಇವಳೊಬ್ಬಳೇ ‘ಆದ್ರೆ’ ಎಂದು ಎಲುಬಿನ ಚೂರನ್ನೂ ಒಂದು ಹಲ್ಲನ್ನೂ ಲ್ಯಾಬಿಗೆ ಕಳಿಸಿದ್ದು.

ಹಳೆಯ ಎಲುಬಿನ ಜೊತೆಗೇ ಮುದುಕರಾದವರು. ಕೈಯಲ್ಲಿ ಹಿಡಿದೂ ಗೊತ್ತಾಗಲಿಲ್ಲವೆ?

*

ಠಾಣೆಗೆ ಬಂದಾಗ ದರ್ಜಿ ಲಾಕಪ್ಪಿನಲ್ಲಿ ಕೂತು ಹೆಡ್ ಕಾನ್‌ಸ್ಟೆಬಲ್ಲಿನ ಅಂಗಿಗೆ ಗುಂಡಿ ಹಾಕುತ್ತಿದ್ದ. ಬನಿಯನ್ನಿನಲ್ಲಿ ನಿಂತಿದ್ದ ಹೆಡ್ಡು ಅವಳನ್ನು ಕಂಡು ಬೆಚ್ಚಿದ.

“ಕೊಲೆ ಆರೋಪಿ ಕೈಗೆ ಸೂಜಿ ಕೊಟ್ಟಿದೀರಾ?”

“ಅವನೇ ಕೇಳಿದ ಮೇಡಂ. ಗುಂಡಿ ಜೋತಾಡ್ತಿದ್ರೆ ಅವನಿಗೆ ನಿದ್ದೆ ಬರಲ್ವಂತೆ.”

ಅವಳು ಹೆಡ್ಡನ್ನು ಹೊರಗೆ ಕಳಿಸಿ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ದರ್ಜಿ ದಾರವನ್ನು ಹಲ್ಲಿನಿಂದ ಕಡಿದು, ಅಂಗಿ ಮಡಿಸಿ ಪಕ್ಕಕ್ಕಿಟ್ಟ. ಐವತ್ತು ದಾಟಿದ ಬಡಕಲು ಮನುಷ್ಯ, ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಜಡ್ಡುಗಟ್ಟಿತ್ತು.

“ಮತ್ತೆ ಹೇಳು. ಹೇಗೆ ಕೊಂದೆ?”

“ಹೇಳಿದೀನಲ್ಲ ಮೇಡಂ. ಇಸ್ತ್ರಿಪೆಟ್ಟಿಗೆಯಿಂದ ತಲೆಗೆ ಹೊಡೆದೆ.”

“ಯಾಕೆ?”

“ಊರಿಗೆಲ್ಲ ಗೊತ್ತಿರೋದೇ.” ಅವನು ನೆಲ ನೋಡಿದ. “ನನಗೂ ಒಬ್ಬಳಿಗೂ ಮದುವೆ ಗೊತ್ತಾಗಿತ್ತು. ಅವಳೂ ಆ ಶೆಡ್ಡಲ್ಲೇ ಕೆಲಸಕ್ಕಿದ್ಲು, ಒಡೆದ ಮಡಕೆ ಚೂರು ಜೋಡಿಸೋ ಕೆಲಸ. ದಿನಾ ಜೊತೇಲಿದ್ದು ಇಬ್ಬರೂ ಮನಸ್ಸು ಕೊಟ್ಟುಕೊಂಡ್ರು. ಓಡಿಹೋಗೋ ಹೊತ್ತಿಗೆ ನನ್ನ ಕೈಗೆ ಸಿಕ್ಕಿಬಿದ್ರು. ಅವನನ್ನ ಹೊಡೆದೆ. ಅವಳು ಹೆದರಿ ಊರು ಬಿಟ್ಲು. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.”

ಇದೂ ಪತ್ರಿಕೆಯಲ್ಲಿ ಬಂದಷ್ಟೇ ಇತ್ತು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

“ಅವತ್ತು ತಮ್ಮ ಯಾವ ಅಂಗಿ ಹಾಕಿದ್ದ?”

ದರ್ಜಿ ತಲೆಯೆತ್ತಿದ. ಇಂಥ ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ.

“ನೀಲಿದು. ನಾನೇ ಹೊಲಿದದ್ದು.”

“ಹಾಗೇ ಹೂತೆಯಾ? ಅಂಗಿ ಸಮೇತ?”

“ಹೂಂ.”

“ಗುಂಡಿ ಯಾವುದು ಹಾಕಿದ್ದೆ?”

“ಪ್ಲಾಸ್ಟಿಕ್ಕು. ಬಿಳೀದು.”

“ಬಟ್ಟೆ ಮಣ್ಣಾಗಬಹುದು. ಪ್ಲಾಸ್ಟಿಕ್ ಗುಂಡಿ ಮಣ್ಣಾಗುತ್ತಾ? ಜರಡಿ ಹಿಡಿದು ಸೋಸಿದೀವಿ, ಒಂದೇ ಒಂದು ಗುಂಡಿ ಸಿಗಲಿಲ್ಲ. ಪ್ಯಾಂಟಿನ ಜಿಪ್ಪು ಇಲ್ಲ, ಚಪ್ಪಲಿಯ ಮೊಳೆ ಇಲ್ಲ. ಅವರಿವರ ಅಂಗಿ ಗುಂಡಿಗೆ ನಿದ್ದೆಗೆಡೋನು, ಒಡಹುಟ್ಟಿದೋನ ಗುಂಡಿ ಮರೆತೆಯಾ?”

ಅವನು ಮಡಿಸಿಟ್ಟ ಅಂಗಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದ.

ಇನ್ಸ್‌ಪೆಕ್ಟರ್ ದನಿ ತಗ್ಗಿಸಿದಳು. ಇಷ್ಟು ವರ್ಷದ ನೌಕರಿಯಲ್ಲಿ ಸುಳ್ಳು ಹೇಳಿ ತಪ್ಪಿಸಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದಳು. ಸುಳ್ಳು ಹೇಳಿ ಸಿಕ್ಕಿಬೀಳಲು ಬಂದವನನ್ನು ನೋಡಿದ್ದು ಇದೇ ಮೊದಲು.

“ಕೇಳು. ಆ ಎಲುಬು ನಿನ್ನ ತಮ್ಮಂದಲ್ಲ. ಆ ಮನುಷ್ಯ ಸತ್ತು ಎರಡು ಸಾವಿರ ವರ್ಷ ಆಗಿದೆ. ನೀನಲ್ಲ, ನಿನ್ನ ಮುತ್ತಾತನ ಮುತ್ತಾತ ಬಂದು ಕೊಂದೆ ಅಂದ್ರೂ ನಾನು ಬರ್ಕೊಳ್ಳೋಕಾಗಲ್ಲ.”

ದರ್ಜಿ ಅವಳ ಮುಖವನ್ನು ಒಂದೇ ಸಮ ನೋಡಿದ. ಪೊಲೀಸರ ತಂತ್ರವಿರಬಹುದು ಎಂಬ ಅನುಮಾನ ಅವನ ಕಣ್ಣಲ್ಲಿ ಬಂತು, ಹೋಯಿತು. ಆಮೇಲೆ ಗೋಡೆ ಹಿಡಿದು ಎದ್ದು ನಿಂತ.

“ಅವನದಲ್ವಾ? ಖಂಡಿತಾ? ಹಾಗಾದ್ರೆ ಅಮ್ಮ...”

ಬಾಯಿಂದ ಜಾರಿದ ಮಾತನ್ನು ಹಿಡಿಯಲು ಕೈ ಬಾಯಿಗೆ ಹೋಯಿತು. ತಡವಾಗಿತ್ತು.

“ಅಮ್ಮ ಏನು?” ಎಂದಳು ಇನ್ಸ್‌ಪೆಕ್ಟರ್, ತೀರಾ ಮೆತ್ತಗೆ.

ಅವನು ಕುಸಿದು ಕೂತು ಅತ್ತ. ಗಂಡಸರು ಸಾಮಾನ್ಯವಾಗಿ ಅಳುವ ಹಾಗೆ ಮುಖ ಮುಚ್ಚಿಕೊಂಡಲ್ಲ. ಮಗುವಿನ ಹಾಗೆ, ಬಾಯಿ ತೆರೆದು. ಹೊರಗಿದ್ದ ಹೆಡ್ಡು ಇಣುಕಿ, ನೀರಿನ ಲೋಟ ಇಟ್ಟು, ಸದ್ದಿಲ್ಲದೆ ಹೋದ.

“ವಯಸ್ಸಾಯ್ತು ಮೇಡಂ ಅಮ್ಮನಿಗೆ. ಮರೆವು. ಒಮ್ಮೊಮ್ಮೆ ನಾನು ಯಾರು ಅಂತಾನೂ ಗೊತ್ತಾಗಲ್ಲ. ನಿಮ್ಮೋರು ಗಡಿಯಾರ ತಂದು ತೋರಿಸಿದ್ರಲ್ಲ, ಅವತ್ತಿಂದ ಒಂದೇ ಮಾತು. ‘ನಾನೇ ಅವನನ್ನ ಕಳಿಸಿಬಿಟ್ಟೆ. ನನ್ನ ಕೈಯಾರೆ ಕಳಿಸಿಬಿಟ್ಟೆ.’ ಗೋಡೆಗೆ ಹೇಳ್ತಾಳೆ, ಬೆಕ್ಕಿಗೆ ಹೇಳ್ತಾಳೆ. ಪಕ್ಕದ ಮನೆಯೋರ ಕಿವಿಗೂ ಬಿತ್ತು. ಅವನು ಓಡಿಹೋಗ್ತಿದ್ದಾಗ ಅಮ್ಮ ಸಿಟ್ಟಲ್ಲಿ ಏನಾದ್ರೂ... ನನಗೋಸ್ಕರ... ನನ್ನ ಮದುವೆ ಮುರೀತು ಅಂತ...” ಉಸಿರು ಎಳೆದುಕೊಂಡ. “ಇವತ್ತಲ್ಲ ನಾಳೆ ನಿಮ್ಮ ಕಿವಿಗೂ ಬೀಳುತ್ತೆ. ಆ ವಯಸ್ಸಲ್ಲಿ ಅವಳನ್ನ ಜೀಪು ಹತ್ತಿಸ್ತೀರಿ. ಅದಕ್ಕೇ ನಾನೇ ಬಂದೆ.”

ಇನ್ಸ್‌ಪೆಕ್ಟರ್ ನೀರಿನ ಲೋಟವನ್ನು ಅವನತ್ತ ಸರಿಸಿದಳು. ತಮ್ಮನ ಸಾವನ್ನೂ ತಾಯಿಯ ಪಾಪವನ್ನೂ ಒಟ್ಟಿಗೆ ಹೊತ್ತುಕೊಂಡು, ಅಂಗಡಿಗೆ ಬೀಗ ಹಾಕಿ ನಡೆದು ಬಂದಿದ್ದ ಮನುಷ್ಯ. ಅಂಥವನಿಗೆ ಕೈಕೋಳ ಹಾಕಿದ್ದು ತನ್ನದೇ ಕೈ.

“ಕಳಿಸಿಬಿಟ್ಟೆ ಅಂದ್ರೆ ಕಳಿಸಿಬಿಟ್ಟೆ ಅಂತಾನೂ ಅರ್ಥ ಇದೆಯಲ್ಲಪ್ಪಾ ಮಹಾರಾಯ,” ಎಂದಳು ಕೊನೆಗೆ. “ಏಳು. ಮುಖ ತೊಳ್ಕೋ. ಅಮ್ಮನನ್ನೇ ಕೇಳೋಣ.”

*

ಹೊಲಿಗೆ ಅಂಗಡಿಯ ಹಿಂಭಾಗವೇ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಪರದೆ. ತಾಯಿಯನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ದರ್ಜಿಯನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟುಕೊಂಡಳು. ಕೈಕೋಳ ಇಲ್ಲವೆಂದು ಎರಡೆರಡು ಸಲ ನೋಡಿ ದಾರಿ ಬಿಟ್ಟಳು.

ಕಿಟಕಿಯ ಬೆಳಕಿನಲ್ಲಿ ಮುದುಕಿ ನೆಲದ ಮೇಲೆ ಕೂತು ಚಿಂದಿ ಬಟ್ಟೆಗಳನ್ನು ಮಡಿಸುತ್ತಿದ್ದಳು. ಅಂಗೈ ಅಗಲದ ತುಂಡನ್ನೂ ಅಂಚಿಗೆ ಅಂಚು ಸೇರಿಸಿ, ಉಗುರಿನಿಂದ ಗೀರಿ, ಜೋಡಿಸಿಡುತ್ತಿದ್ದಳು.

“ಅಳತೆ ಕೊಡೋಕೆ ಬಂದ್ರಾ?” ಎಂದಳು ಇನ್ಸ್‌ಪೆಕ್ಟರನ್ನು ಕಂಡು. “ಕೂತ್ಕೊಳ್ಳಿ. ನನ್ನ ದೊಡ್ಡ ಮಗ ಈಗ ಬರ್ತಾನೆ. ಒಳ್ಳೇ ಕೈ ಅವನದು.”

“ಬಂದಿದೀನಮ್ಮ,” ಎಂದ ದರ್ಜಿ. ಅವಳು ಅವನನ್ನು ನೋಡಿ, ಯಾರೋ ಗಿರಾಕಿ ಎಂಬಂತೆ ತಲೆಯಾಡಿಸಿದಳು.

ಇನ್ಸ್‌ಪೆಕ್ಟರ್ ಬೂಟು ಬಿಚ್ಚಿಟ್ಟು ಅವಳ ಪಕ್ಕ ಕೂತಳು. ತಾನೂ ಒಂದು ಚಿಂದಿ ಎತ್ತಿಕೊಂಡು ಮಡಿಸತೊಡಗಿದಳು. ಅಂಚು ಸೊಟ್ಟಗಾಯಿತು. ಮುದುಕಿ ಕಿತ್ತುಕೊಂಡು ಸರಿಮಾಡಿದಳು.

“ಚಿಕ್ಕ ಮಗ ಎಲ್ಲಿ ಅಜ್ಜಿ?”

“ಕಳಿಸಿಬಿಟ್ಟೆ.”

“ಎಲ್ಲಿಗೆ?”

“ಎಲ್ಲಿಗೋ. ಬಸ್ಸು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗು ಅಂದೆ.” ಕೈ ಮಾತ್ರ ಬಟ್ಟೆ ಮಡಿಸುತ್ತಲೇ ಇತ್ತು. “ಬೆಳಗಿನ ಜಾವ ಬಂದ. ಮೊಣಕೈ ತನಕ ಮಣ್ಣು. ‘ಅಮ್ಮ, ನೀನು ಕೊಟ್ಟ ಗಡಿಯಾರ ಅಲ್ಲೇ ಬಿದ್ದುಹೋಯ್ತು’ ಅಂತ ಅಳ್ತಾನೆ. ಹುಚ್ಚ! ಗಡಿಯಾರ ಹೋದ್ರೆ ಹೋಗಲಿ ಕಣೋ, ಜೀವ ಇದ್ರೆ ಸಾಕು, ಹೊರಡು ಅಂದೆ. ನಿನ್ನ ಮೇಲೇ ಹಾಕ್ತಾರೆ, ಹೊರಡು ಅಂದೆ. ಯಾರಿಗೂ ಹೇಳಲ್ಲ ಅಂತ ತಲೆ ಮುಟ್ಟಿ ಆಣೆ ಹಾಕಿದೆ.”

ಗೋಡೆಗೆ ಒರಗಿದ್ದ ದರ್ಜಿ ಕಣ್ಣು ಮುಚ್ಚಿಕೊಂಡ. ತಮ್ಮ ಸತ್ತಿಲ್ಲ. ತಾಯಿ ಕೊಂದಿಲ್ಲ. ಅವನ ಮುಖದ ಮೇಲಿನ ಗೆರೆಗಳು ಒಂದೊಂದಾಗಿ ಸಡಿಲವಾಗುತ್ತಿದ್ದುದನ್ನು ನೋಡಿ ಇನ್ಸ್‌ಪೆಕ್ಟರಿಗೂ ಎದೆ ಹಗುರಾಯಿತು.

ಆದರೆ ಒಳಗಿನ ‘ಆದ್ರೆ’ ಸುಮ್ಮನಿರಲಿಲ್ಲ. ಗಡಿಯಾರ ಹೆಣದ್ದಲ್ಲ, ಹಳ್ಳ ತೋಡಿದವನದು. ಸರಿ. ಎರಡು ಸಾವಿರ ವರ್ಷದ ಎಲುಬನ್ನು ಹೂತದ್ದಕ್ಕೆ ಯಾರ ಮೇಲೆ ಏನು ಹಾಕುತ್ತಾರೆ? ಅದಕ್ಕೆ ಯಾರಾದರೂ ಇಪ್ಪತ್ತೆರಡು ವರ್ಷ ಊರು ಬಿಡುತ್ತಾರೆಯೆ?

“ಹಳ್ಳ ಯಾಕೆ ತೋಡಿದ ಅಜ್ಜಿ?”

“ಅವನ ಮೇಲಿನೋರು ತೋಡಿಸಿದ್ರಂತೆ. ದೊಡ್ಡೋರು. ಓದಿದೋರು.” ಮುದುಕಿಯ ಹುಬ್ಬು ಗಂಟಿಕ್ಕಿತು. “ಮಣ್ಣು ಹಾಕಿ, ಅದರ ಮೇಲೆ ಪೆಟ್ಟಿಗೇಲಿರೋ ಹಳೇದನ್ನ ಹಾಸು, ಮತ್ತೆ ಮಣ್ಣು ಹಾಕು ಅಂದ್ರಂತೆ. ಮುಂದೆ ಯಾರಾದ್ರೂ ಅಗೆದ್ರೂ ಹಳೇದು ಸಿಗುತ್ತೆ, ಹಳೇದು ಅಂತ ಬಿಟ್ಟು ಹೋಗ್ತಾರೆ ಅಂದ್ರಂತೆ. ನನ್ನ ಮಗ ಕೊಲ್ಲಲಿಲ್ಲ ತಾಯಿ. ಅವನು ಮುಚ್ಚಿದ್ದಷ್ಟೇ.”

ಇನ್ಸ್‌ಪೆಕ್ಟರ್ ಮುದುಕಿಯ ಹತ್ತಿರಕ್ಕೆ ಜರುಗಿದಳು.

“ಮೇಲಿನದನ್ನ ನೀವೆಲ್ಲ ತೆಗೆದ್ರಂತಲ್ಲ,” ಮುದುಕಿ ಇನ್ಸ್‌ಪೆಕ್ಟರಿನ ಮಣಿಕಟ್ಟು ಹಿಡಿದುಕೊಂಡಳು. ಬೆರಳು ತಣ್ಣಗಿತ್ತು, ಹಿಡಿತ ಬಿಗಿಯಾಗಿತ್ತು. “ಕೆಳಗಿನವಳನ್ನೂ ತೆಗೀರಮ್ಮ. ಪಾಪದ್ದು. ನನ್ನ ಸೊಸೆಯಾಗಿ ಬರಬೇಕಾಗಿದ್ದೋಳು.”

ದರ್ಜಿ ಗೋಡೆಗುಂಟ ಜಾರಿ ಕೂತ.

“ಓಡಿಹೋಗಲಿಲ್ವಾ ಅವಳು?” ಎಂದ. ಯಾರನ್ನು ಕೇಳುತ್ತಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ. “ಎಲ್ಲೂ ಹೋಗಲೇ ಇಲ್ವಾ? ನಾನು ದಿನಾ ಬೈದೆನಲ್ಲ ಅವಳನ್ನ... ಎಲ್ಲೋ ಸುಖವಾಗಿದಾಳೆ ಅಂತ ಬೈದೆನಲ್ಲ...”

ಇನ್ಸ್‌ಪೆಕ್ಟರ್ ಅವನ ಭುಜದ ಮೇಲೆ ಕೈಯಿಟ್ಟಳು. ಇನ್ನೊಂದು ಕೈ ಆಗಲೇ ಫೋನು ತೆಗೆದಿತ್ತು. ಪ್ರೊಫೆಸರ್ರು ಬುರುಡೆ ಹಿಡಿದು ಕಣ್ಣೊರೆಸಿಕೊಂಡದ್ದು ಯಾಕೆಂದು ಈಗ ಹೊಳೆಯಿತು. ಬಿಟ್ಟುಹೋಗುವ ಮಾತಿರಲಿ, ಪ್ರಾಚೀನ ಎಲುಬು ಎಂದಿದ್ದರೆ ಹೊಸ ಕಾಲದ ಉತ್ಖನನದವರು ಬಂದು, ಕುಂಚ ಹಿಡಿದು, ಪದರ ಪದರವಾಗಿ ಕೆಳಗಿಳಿಯುತ್ತಿದ್ದರು. ನಕ್ಷೆಗಾರ ಎಂದದ್ದಕ್ಕೆ ಪೊಲೀಸರು ಎಲುಬು ಎತ್ತಿಕೊಂಡು ಮನೆಗೆ ಹೋದರು.

ಹಳ್ಳದ ಕಾವಲಿಗೆ ಬಿಟ್ಟಿದ್ದ ಪೇದೆ ಫೋನು ಎತ್ತಿದ. ಹಿಂದೆ ಯಂತ್ರದ ಗರಗರ ಸದ್ದು.

“ಮೇಡಂ, ನಾನೇ ಮಾಡೋಣ ಅಂತಿದ್ದೆ! ಇಲ್ಲಿ ಕಾಂಕ್ರೀಟ್ ಲಾರಿ ಬಂದು ನಿಂತಿದೆ. ಪ್ರೊಫೆಸರ್ರು ಮೇಲಿನೋರ ಹತ್ರ ಮಾತಾಡಿ ಅಪ್ಪಣೆ ತಂದಿದಾರೆ, ಇವತ್ತೇ ಪಾಯ ತುಂಬಿಸಬೇಕಂತೆ.”

“ನಿಲ್ಸು! ಒಂದು ಬುಟ್ಟಿ ಕಾಂಕ್ರೀಟೂ ಬೀಳಬಾರದು.”

“ನಿಂತಿದೆ ಮೇಡಂ, ನಾನಲ್ಲ ನಿಲ್ಲಿಸಿದ್ದು. ಯಾರೋ ಒಬ್ಬ ಹಳ್ಳದೊಳಗೆ ಇಳಿದು ಕೂತುಬಿಟ್ಟಿದಾನೆ. ನರೆಗಡ್ಡದೋನು, ಹೆಗಲಿಗೆ ಚೀಲ. ಪೇಪರ್ ನೋಡಿ ಬಂದೆ ಅಂತಾನೆ. ಎಳೆದ್ರೂ ಏಳ್ತಿಲ್ಲ. ‘ನಮ್ಮಣ್ಣನ್ನ ಬಿಡಿ, ಹೂತದ್ದು ನಾನು’ ಅಂತ ಒಂದೇ ಸಮ ಹೇಳ್ತಿದಾನೆ.”

ದರ್ಜಿ ತಲೆಯೆತ್ತಿದ. ಚಿಕ್ಕ ಕೋಣೆ, ಫೋನಿನ ಮಾತು ಎಲ್ಲರಿಗೂ ಕೇಳಿಸಿತ್ತು. ಮುದುಕಿಯ ಕೈಯಲ್ಲಿದ್ದ ಚಿಂದಿ ಅರ್ಧ ಮಡಿಸಿದಲ್ಲೇ ನಿಂತಿತು.

“ಪ್ರೊಫೆಸರ್ರು ಎಲ್ಲಿ?” ಇನ್ಸ್‌ಪೆಕ್ಟರ್ ಬರಿಗಾಲಲ್ಲೇ ಬಾಗಿಲಿಗೆ ಓಡಿದ್ದಳು.

“ಇಲ್ಲೇ ಇದ್ರು ಮೇಡಂ... ಈಗ ಲಾರಿ ಹತ್ರ... ಅಯ್ಯೋ, ಡ್ರೈವರನ್ನ ತಳ್ಳಿ ಅವರೇ ಹತ್ತಿಬಿಟ್ರು! ಸಾರ್! ಸಾರ್, ಒಳಗೆ ಮನುಷ್ಯ ಇದಾನೆ ಸಾರ್!”

ಫೋನಿನಲ್ಲಿ ಯಂತ್ರದ ಗರಗರ ಇದ್ದಕ್ಕಿದ್ದಂತೆ ಜೋರಾಯಿತು. ಆಮೇಲೆ ಪೇದೆಯ ದನಿ ಕೇಳಿಸಲಿಲ್ಲ.